ನಗರದಿಂದ ಒಂದು ದಿನದ ವೈನ್ ಟೇಸ್ಟಿಂಗ್ ಪ್ರವಾಸ: ಯಾವುದನ್ನು ಆರಿಸುವುದು?

ವೈನರಿಗಳ ಸಂಖ್ಯೆ ಹೆಚ್ಚಿದ್ದರೆ ಒಳ್ಳೆಯ ಪ್ರವಾಸ ಅಂದುಕೊಳ್ಳಬೇಡಿ. ಎರಡು ಸಾಕು, ಮೂರು ಮಿತಿ. ಒಂದೊಂದು ಕಡೆ 5 ಬಗೆ, ತಲಾ 30 ಮಿ.ಲೀ. ಎಂದರೂ ಮೂರು ಕಡೆ ಸೇರಿ 450 ಮಿ.ಲೀ. ಆಯಿತು, 750 ಮಿ.ಲೀ. ಬಾಟಲಿಯಲ್ಲಿ ಅರ್ಧಕ್ಕಿಂತ ಹೆಚ್ಚು! ನಾಲ್ಕನೆಯದಕ್ಕೆ ಹೋಗುವಷ್ಟರಲ್ಲಿ ನಾಲಿಗೆ ಸೋತಿರುತ್ತದೆ. ರುಚಿ ನೋಡಿದ ವೈನ್ ಉಗುಳಲು ಪಾತ್ರೆ ಇಟ್ಟಿರುತ್ತಾರೆ, ಸಂಕೋಚವಿಲ್ಲದೆ ಬಳಸಿ. ವೃತ್ತಿಪರರು ಮಾಡುವುದೂ ಅದನ್ನೇ.

ಆಮೇಲೆ ಸಮಯದ ಲೆಕ್ಕ. ‘9 ಗಂಟೆಯ ಪ್ರವಾಸ’ ಎಂದಿದ್ದರೆ ಅದರಲ್ಲಿ ರಸ್ತೆಯ ಮೇಲೆ ಎಷ್ಟು ಹೊತ್ತು ಎಂದು ಕೇಳಿ. ಹೋಗಲು ಒಂದೂವರೆ ಗಂಟೆ ಮೀರಿದರೆ, ಬರುವುದೂ ಸೇರಿ ದಿನದ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಕಿಟಕಿ ನೋಡುವುದರಲ್ಲೇ ಹೋಗುತ್ತದೆ. ಹಲವು ಹೋಟೆಲುಗಳಿಂದ ಜನರನ್ನು ಹತ್ತಿಸಿಕೊಳ್ಳುವ ಬಸ್ಸಾದರೆ ಇನ್ನಷ್ಟು ತಡ.

ಬೆಲೆ ಹೋಲಿಸುವ ಮುನ್ನ ಟೇಸ್ಟಿಂಗ್ ಶುಲ್ಕ, ಊಟ ಸೇರಿವೆಯೇ ನೋಡಿ. ಅಗ್ಗವಾಗಿ ಕಾಣುವ ಪ್ಯಾಕೇಜುಗಳಲ್ಲಿ ಇವು ಹೊರಗುಳಿದಿರುವುದೇ ಹೆಚ್ಚು. ಊಟ ಮೊದಲ ಟೇಸ್ಟಿಂಗ್‌ನ ನಂತರವಾದರೂ ಇರಲಿ, ಕೊನೆಗೆ ಬೇಡ. ಖಾಲಿ ಹೊಟ್ಟೆಗೆ ಮದ್ಯ ಬೇಗ ಏರುತ್ತದೆ.

ಗುಂಪಿನಲ್ಲಿ 8–10 ಜನರಿದ್ದರೆ ಪ್ರಶ್ನೆ ಕೇಳಲು ಆಗುತ್ತದೆ. 40 ಜನರ ಗುಂಪಿನಲ್ಲಿ ಸುರಿದರು, ಕುಡಿದರು, ಹೊರಟರು, ಅಷ್ಟೇ. ಗೈಡ್ ಮತ್ತು ಚಾಲಕ ಬೇರೆ ಬೇರೆಯವರಾಗಿದ್ದರೆ ಮೇಲು.

ಕೊಯ್ಲು ನೋಡುವ ಆಸೆಯಿದ್ದರೆ ಉತ್ತರಾರ್ಧಗೋಳದಲ್ಲಿ ಸಾಮಾನ್ಯವಾಗಿ ಆಗಸ್ಟ್–ಅಕ್ಟೋಬರ್, ದಕ್ಷಿಣದಲ್ಲಿ ಫೆಬ್ರವರಿ–ಏಪ್ರಿಲ್. ಆದರೆ ಆಗ ಕೆಲಸದ ಒತ್ತಡದಿಂದ ಕೆಲವು ಸಣ್ಣ ವೈನರಿಗಳು ಸಂದರ್ಶಕರನ್ನು ಬಿಡುವುದಿಲ್ಲ.

ಅಂದು ಸೆಂಟ್ ಹಾಕಿಕೊಳ್ಳಬೇಡಿ, ವೈನಿನ ಪರಿಮಳ ಮುಚ್ಚಿಹೋಗುತ್ತದೆ. ಕೊಂಡ ಬಾಟಲಿಗಳನ್ನು ಬಿಸಿಲಲ್ಲಿ ನಿಂತ ವಾಹನದಲ್ಲೂ ಬಿಡಬೇಡಿ: ಶಾಖಕ್ಕೆ ಕಾರ್ಕ್ ಮೇಲೆದ್ದು ವೈನ್ ಕೆಡುತ್ತದೆ.