1970ರ ಶೆವೆಲ್‌ಗೆ ಬೇರೆ ಇಂಜಿನ್ ಕೂರಿಸಿದ್ದೇನೆ. ಪಿಕಪ್ ಇಲ್ಲ, ಹೀಟ್ ಬೇರೆ. ಟ್ಯೂನಿಂಗ್ ಎಲ್ಲಿಂದ ಶುರು ಮಾಡಲಿ?

ನಿಮ್ಮ ಸಮಸ್ಯೆ ನನಗೆ ಅರ್ಥವಾದದ್ದು ಹೀಗೆ. ಒಹಾಯೊದಲ್ಲಿದ್ದೀರಿ, ಶೆವ್ರೊಲೆ (ಶೆವಿ) ಕಂಪನಿಯ 1970ರ ಶೆವೆಲ್ ಮಾಲಿಬು ಕಾರು ಕೊಂಡಿದ್ದೀರಿ. ಅದರ 307 ಕ್ಯೂಬಿಕ್ ಇಂಚಿನ ಇಂಜಿನ್ ಸವೆದು ಹೋಗಿತ್ತು, ತೆಗೆಸಿ ರೀಬಿಲ್ಡ್ ಮಾಡಿದ 350 ಹಾಕಿಸಿದ್ದೀರಿ. 200 ಮೈಲಿ ಓಡಿದೆ. ಆಕ್ಸಿಲರೇಟರ್ ಒತ್ತಿದ ತಕ್ಷಣ ಗಾಡಿ ಮುಗ್ಗರಿಸುತ್ತದೆ, ಸಿಗ್ನಲ್‌ನಲ್ಲಿ ನಿಂತರೆ ಟೆಂಪರೇಚರ್ ಮುಳ್ಳು ಏರುತ್ತದೆ, ಗೇರ್‌ಗೆ ಹಾಕಿದರೆ ಒಮ್ಮೊಮ್ಮೆ ಆಫ್ ಆಗುತ್ತದೆ. ಮೇಲೆ 750 ಸಿಎಫ್‌ಎಂ (ನಿಮಿಷಕ್ಕೆ ಅಷ್ಟು ಘನ ಅಡಿ ಗಾಳಿ ಬಿಡುವ) ಡಬಲ್ ಪಂಪರ್, ಅಂದರೆ ಎರಡು ಆಕ್ಸಿಲರೇಟರ್ ಪಂಪಿನ ಕಾರ್ಬೊರೇಟರ್ ಕೂತಿದೆ. ಅದನ್ನು ಬಿಚ್ಚಲಾ, ಇಲ್ಲ ಸೀದಾ ಡೈನೊಗೆ (ಗಾಡಿಯ ಶಕ್ತಿ ಅಳೆಯುವ ಯಂತ್ರಕ್ಕೆ) ಒಯ್ಯಲಾ ಅಂತ ಕೇಳಿದ್ದೀರಿ.

ಸದ್ಯಕ್ಕೆ ಎರಡೂ ಬೇಡ. ಮೊದಲು ಟೈಮಿಂಗ್, ಅಂದರೆ ಪ್ಲಗ್‌ನಲ್ಲಿ ಕಿಡಿ ಹಾರುವ ಹೊತ್ತು, ನೋಡಿ. ಅದಕ್ಕೂ ಮೊದಲು, ಟೈಮಿಂಗ್ ತೋರಿಸುವ ಗೆರೆ ಸುಳ್ಳು ಹೇಳುತ್ತಿಲ್ಲ ತಾನೇ ಅಂತ ನೋಡಿ.

ಇಷ್ಟು ಗಟ್ಟಿಯಾಗಿ ಹೇಳಲು ಕಾರಣ ನಾನೇ ಮಾಡಿಕೊಂಡ ಎಡವಟ್ಟು. ನಾನಿರುವುದು ಡೆಟ್ರಾಯಿಟ್ ಹತ್ತಿರ, ಊರು ಶಿವಮೊಗ್ಗ. ನನ್ನದು 1968ರ ಕಮಾರೊ. ಕಂಪನಿಯಿಂದ ಬಂದಾಗ ಅದರಲ್ಲಿ 327 ಇತ್ತಂತೆ, ನನ್ನ ಕೈಗೆ ಬರುವ ಹೊತ್ತಿಗೆ ಬಾನೆಟ್ ಕೆಳಗೆ ಖಾಲಿ. 70ರ ದಶಕದ ಒಂದು ಪಿಕಪ್ ಟ್ರಕ್ಕಿನ 350 ಸಿಕ್ಕಿತು. ಬೋರ್ ಮಾಡಿಸಿ, ಹೊಸ ಪಿಸ್ಟನ್, ಹೊಸ ಕ್ಯಾಮ್ (ವಾಲ್ವ್ ತೆರೆಯುವ ದಂಡ) ಹಾಕಿಸಿ ಕೂರಿಸಿದೆ. ಟ್ರಕ್ಕಿನ ಟೈಮಿಂಗ್ ಕವರ್ (ಇಂಜಿನ್ ಮುಂದಿನ ಮುಚ್ಚಳ) ನೆಗ್ಗಿ ಹೋಗಿತ್ತು. ಹಳೇ ಮಾಲೀಕರು ಕೊಟ್ಟಿದ್ದ ಡಬ್ಬದಲ್ಲಿ ಕಮಾರೊದ ಮೂಲ ಕವರ್ ಚೆನ್ನಾಗಿಯೇ ಇತ್ತು. ಒರೆಸಿ ಅದನ್ನೇ ಹಾಕಿದೆ. ಬೋಲ್ಟ್ ಎಲ್ಲ ಸಲೀಸಾಗಿ ಕೂತವು. ಅಲ್ಲೇ ನಾನು ಬಿದ್ದಿದ್ದು.

ಮುಂದಿನ ಎರಡು ವಾರ ನಾನು ಪಟ್ಟಿದ್ದು ನಿಮ್ಮ ಪಾಡೇ. ಟೈಮಿಂಗ್ ಲೈಟ್ ಹಿಡಿದರೆ 34 ಡಿಗ್ರಿ, ಅಂದರೆ ಪಿಸ್ಟನ್ ತುದಿ ಮುಟ್ಟುವುದಕ್ಕೆ ಅಷ್ಟು ಮೊದಲೇ ಕಿಡಿ, ಅಂತ ಲಕ್ಷಣವಾಗಿ ತೋರಿಸುತ್ತಿತ್ತು. ಹಾಗಾಗಿ ಆ ಕಡೆ ಅನುಮಾನವೇ ಬರಲಿಲ್ಲ. ಕಾರ್ಬೊರೇಟರಿನ ಜೆಟ್ (ಪೆಟ್ರೋಲ್ ಅಳತೆಯ ತೂತು) ಬದಲಿಸಿದೆ. ಥರ್ಮೋಸ್ಟಾಟ್ ಬದಲಿಸಿದೆ. ಕೊನೆಗೆ ದೊಡ್ಡ ರೇಡಿಯೇಟರ್ ತಂದು ಹಾಕಿದೆ. ದುಡ್ಡು ಹೋಯಿತು, ಹೀಟ್ ಹೋಗಲಿಲ್ಲ.

ವಿಷಯ ಇಷ್ಟೇ. ಶೆವಿ ಸ್ಮಾಲ್ ಬ್ಲಾಕ್ 1955ರಿಂದ ಬಂದಿದೆ. ನೋಡಲು ಎಲ್ಲ ಒಂದೇ ಥರ, ಮುಕ್ಕಾಲು ಪಾಲು ಸಾಮಾನು ಒಂದಕ್ಕೊಂದು ಕೂರುತ್ತದೆ. ಆದರೆ ಕ್ರ್ಯಾಂಕಿನ ಮುಂತುದಿಯಲ್ಲಿರುವ ಡ್ಯಾಂಪರ್ ಅನ್ನುವ ಚಕ್ರದ ಮೇಲಿನ ಗೆರೆಯ ಜಾಗ ನಡುವೆ ಬದಲಾಗಿದೆ. 1968ರವರೆಗೆ ಅದು ಕೀ ಕೂರುವ ಕಚ್ಚಿನಿಂದ 2 ಡಿಗ್ರಿ ದೂರದಲ್ಲಿತ್ತು, 1969ರಿಂದ 10 ಡಿಗ್ರಿ ದೂರಕ್ಕೆ ಹೋಯಿತು. ಕವರ್ ಮೇಲಿನ ಡಿಗ್ರಿ ಪಟ್ಟಿಯೂ ಅದಕ್ಕೆ ತಕ್ಕ ಹಾಗೆ ಸರಿಯಿತು. ನಾನು ಹಾಕಿದ್ದು 1968ರ ಕವರ್, 70ರ ದಶಕದ ಡ್ಯಾಂಪರ್. ಲೈಟ್ 34 ಅಂದಾಗ ಇಂಜಿನ್‌ನಲ್ಲಿ ನಿಜಕ್ಕೂ ಇದ್ದದ್ದು 26.

ನಿಮ್ಮದರಲ್ಲೂ ಬೇರೆ ಬೇರೆ ಕಾಲದ ಸಾಮಾನು ಸೇರಿರಬಹುದು. ಸೇರದಿದ್ದರೂ ಇನ್ನೊಂದು ಅಪಾಯ ಇದೆ. ಡ್ಯಾಂಪರ್ ಅಂದರೆ ಒಳಗೊಂದು ಉಕ್ಕಿನ ಗುಂಬ, ಹೊರಗೊಂದು ಉಂಗುರ, ನಡುವೆ ರಬ್ಬರ್. ಐವತ್ತು ವರ್ಷದ ರಬ್ಬರ್ ಹಿಡಿತ ಬಿಟ್ಟರೆ ಹೊರಗಿನ ಉಂಗುರ ಮೆಲ್ಲಗೆ ಜಾರುತ್ತದೆ, ಗೆರೆಯೂ ಅದರ ಜೊತೆ ಹೋಗುತ್ತದೆ.

ಪರೀಕ್ಷೆ ಮಾಡಲು ಪಿಸ್ಟನ್ ಸ್ಟಾಪ್ ಅಂತ ಒಂದು ಸಣ್ಣ ಉಪಕರಣ ಸಿಗುತ್ತದೆ, ಜಾಸ್ತಿ ದುಡ್ಡೇನೂ ಇಲ್ಲ. ಬ್ಯಾಟರಿ ವೈರ್ ತೆಗೆಯಿರಿ, ಎಂಟೂ ಪ್ಲಗ್ ಬಿಚ್ಚಿ. ಒಂದನೇ ಸಿಲಿಂಡರ್ ಡ್ರೈವರ್ ಕಡೆಯ ಸಾಲಿನಲ್ಲಿ ಎಲ್ಲಕ್ಕಿಂತ ಮುಂದಿನದು. ಅದರ ಪಿಸ್ಟನ್ ಕೆಳಗಿರುವಾಗ ಪ್ಲಗ್ ತೂತಿಗೆ ಈ ಸ್ಟಾಪ್ ತಿರುಗಿಸಿ. ಡ್ಯಾಂಪರ್ ಬೋಲ್ಟಿಗೆ ಉದ್ದ ಹಿಡಿಯ ಸ್ಪ್ಯಾನರ್ ಹಾಕಿ ಕೈಯಲ್ಲೇ ನಿಧಾನ ತಿರುಗಿಸಿ. ಸ್ಟಾರ್ಟರ್ ಮುಟ್ಟಬೇಡಿ, ಪಿಸ್ಟನ್ ತೂತಾದೀತು. ಪಿಸ್ಟನ್ ಬಂದು ಸ್ಟಾಪಿಗೆ ತಾಗಿದ್ದು ಅಂಗೈಗೇ ಗೊತ್ತಾಗುತ್ತದೆ, ಮೆತ್ತಗೆ ‘ಟಕ್’ ಅಂತ ನಿಲ್ಲುತ್ತದೆ. ಪಟ್ಟಿಯ ಸೊನ್ನೆಯ ಎದುರಿಗೆ ಡ್ಯಾಂಪರ್ ಮೇಲೆ ಒಂದು ಗುರುತು ಹಾಕಿ. ಈಗ ಹಿಂದಕ್ಕೆ ತಿರುಗಿಸಿ, ಆ ಕಡೆಯಿಂದ ತಾಗಿದಾಗ ಇನ್ನೊಂದು ಗುರುತು. ಎರಡರ ಸರಿಯಾದ ನಡುವೆ ಇರುವುದೇ ನಿಜವಾದ ಸೊನ್ನೆ, ಪಿಸ್ಟನ್ ತುತ್ತತುದಿಯಲ್ಲಿರುವ ಜಾಗ. ನಾನು ಪೇಂಟರ್ ಟೇಪ್ ಅಂಟಿಸಿ ಅದರ ಮೇಲೆ ಪೆನ್ಸಿಲ್‌ನಲ್ಲಿ ಗುರುತು ಹಾಕಿದೆ. ನಡುವಿನ ಬಿಂದು ಗೆರೆಯಿಂದ 12 ಮಿಲಿಮೀಟರ್ ಆಚೆ ಬಿತ್ತು. 6.75 ಇಂಚಿನ ಡ್ಯಾಂಪರ್‌ನ ಅಂಚಿನಲ್ಲಿ ಒಂದು ಡಿಗ್ರಿ ಅಂದರೆ ಒಂದೂವರೆ ಮಿಲಿಮೀಟರ್. ಲೆಕ್ಕ ಹಾಕಿಕೊಳ್ಳಿ, 8 ಡಿಗ್ರಿ. ನೆಲದ ಮೇಲೆ ಕೂತು ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಹೊಸ ರೇಡಿಯೇಟರ್ ಎದುರಿಗೇ ಮಿರಮಿರ ಮಿಂಚುತ್ತಿತ್ತು.

ಕಿಡಿ ತಡವಾದರೆ ಏನಾಗುತ್ತದೆ? ಪೆಟ್ರೋಲ್ ಪಿಸ್ಟನ್ ಅನ್ನು ಒತ್ತುವ ಹೊತ್ತಿನಲ್ಲಿ ಪೂರ್ತಿ ಉರಿದಿರುವುದಿಲ್ಲ, ಎಕ್ಸಾಸ್ಟ್ ವಾಲ್ವ್ ತೆರೆಯುವಾಗಲೂ ಉರಿಯುತ್ತಲೇ ಇರುತ್ತದೆ. ಶಕ್ತಿಯಾಗಬೇಕಾದದ್ದು ಶಾಖವಾಗಿ ಹೆಡ್‌ಗೂ ನೀರಿಗೂ ಹೋಗುತ್ತದೆ. ಹೀಟ್ ಬಂದದ್ದು ಹಾಗೆ. ಐಡ್ಲಿಂಗ್ ಕೂಡ ಬಿದ್ದು ಹೋಗುತ್ತದೆ. ಆಗ ನಾವೇನು ಮಾಡುತ್ತೇವೆ? ಐಡಲ್ ಸ್ಕ್ರೂ ತಿರುಗಿಸಿ ಏರಿಸುತ್ತೇವೆ. ಅಲ್ಲಿಂದ ಕಾರ್ಬೊರೇಟರ್ ತಕರಾರು ಶುರು. ಆ ಮಾತಿಗೆ ಆಮೇಲೆ ಬರುತ್ತೇನೆ.

ಗೆರೆ ಸರಿಮಾಡಿಕೊಂಡ ಮೇಲೆ ಟೈಮಿಂಗ್ ಕೂರಿಸುವುದು ಕಷ್ಟವಲ್ಲ. ವ್ಯಾಕ್ಯೂಮ್ ಅಡ್ವಾನ್ಸ್ (ಇಂಜಿನ್ನಿನ ಎಳೆತದಿಂದ ಕಿಡಿಯನ್ನು ಇನ್ನಷ್ಟು ಮುಂಚೆ ಹಾರಿಸುವ ಸಾಧನ) ಪೈಪ್ ಕಳಚಿ ಅದರ ಬಾಯಿ ಮುಚ್ಚಿ. ಇಂಜಿನ್ ಬಿಸಿಯಾದ ಮೇಲೆ ನಿಧಾನ ರೇಸ್ ಮಾಡುತ್ತಾ ಹೋಗಿ. 3000 ಆರ್‌ಪಿಎಂ ಆಚೀಚೆ ಎಲ್ಲೋ ಅಡ್ವಾನ್ಸ್ ಏರುವುದು ನಿಲ್ಲುತ್ತದೆ. ಅಲ್ಲಿ 34ರಿಂದ 36 ಡಿಗ್ರಿ ಇರಬೇಕು. ಹಳೇ ಮಾದರಿಯ ಹೆಡ್ ಇರುವ 350ಗೆ ಇದು ಒಳ್ಳೆಯ ಜಾಗ. ಐಡ್ಲಿಂಗ್‌ನಲ್ಲಿ ಎಷ್ಟು ಬರುತ್ತದೋ ಬರಲಿ, ಸಾಮಾನ್ಯವಾಗಿ 10ರಿಂದ 14 ಇರುತ್ತದೆ. ಆಮೇಲೆ ವ್ಯಾಕ್ಯೂಮ್ ಪೈಪ್ ಸಿಕ್ಕಿಸಿ. ಅದನ್ನು ಮ್ಯಾನಿಫೋಲ್ಡ್‌ಗೆ ಕೊಡಬೇಕಾ, ಥ್ರಾಟಲ್ ಮೇಲಿನ ಪೋರ್ಟಿಗೆ ಕೊಡಬೇಕಾ ಅಂತ ಇಲ್ಲಿನ ಹಳೇ ಕಾರಿನವರು ಜಗಳ ಆಡುತ್ತಲೇ ಇರುತ್ತಾರೆ. ನನ್ನದು ಮ್ಯಾನಿಫೋಲ್ಡ್‌ನಲ್ಲಿದೆ, ಟ್ರಾಫಿಕ್‌ನಲ್ಲಿ ತಣ್ಣಗಿರುತ್ತದೆ. ಎತ್ತರದ ರಸ್ತೆ ಹತ್ತುವಾಗ ಗುಂಡು ಕಲ್ಲು ಡಬ್ಬದಲ್ಲಿ ಅಲ್ಲಾಡಿಸಿದ ಹಾಗೆ ಸದ್ದು ಬಂದರೆ ಅದು ನಾಕಿಂಗ್. ಎರಡು ಡಿಗ್ರಿ ಕಡಿಮೆ ಮಾಡಿ, ಹಟ ಮಾಡಬೇಡಿ.

ಗ್ಯಾರೇಜಿನವರು ಕಿಡಿ ಹಾರಿಸುವ ಹಳೇ ಪಾಯಿಂಟ್ ತೆಗೆದು ಎಚ್‌ಇಐ ಅನ್ನುವ ಎಲೆಕ್ಟ್ರಾನಿಕ್ ಡಿಸ್ಟ್ರಿಬ್ಯೂಟರ್ ಹಾಕಿದ್ದರೆ ಅದರ ವೈರನ್ನೂ ನೋಡಿ. ನಿಮ್ಮ ಕಾರಿನ ಮೂಲ ವೈರ್ ರೆಸಿಸ್ಟೆನ್ಸ್ ವೈರ್, ಪಾಯಿಂಟ್ ಸುಡಬಾರದು ಅಂತ ವೋಲ್ಟೇಜ್ ಕಡಿಮೆ ಮಾಡಿ ಕೊಡುತ್ತದೆ. ಎಚ್‌ಇಐಗೆ ಪೂರ್ತಿ 12 ವೋಲ್ಟ್ ಬೇಕು. ಇಂಜಿನ್ ಓಡುತ್ತಿರುವಾಗ ಮೀಟರ್ ಇಟ್ಟು ನೋಡಿ. ಹೊಸ ವೈರ್ ಎಳೆಯುವುದು ಅರ್ಧ ಗಂಟೆ ಕೆಲಸ.

ಹಾಂ, ಕ್ಯಾಮ್ ವಿಷಯ ಬಿಟ್ಟೇ ಹೋಗುತ್ತಿತ್ತು. ನಿಮ್ಮದು ಫ್ಲ್ಯಾಟ್ ಟ್ಯಾಪೆಟ್ (ಕ್ಯಾಮ್ ಮೇಲೆ ಉಜ್ಜುವ) ಕ್ಯಾಮಾ, ರೋಲರಾ (ಉರುಳುವುದಾ) ಅಂತ ಗ್ಯಾರೇಜಿನವರನ್ನು ಕೇಳಿ. ರೋಲರ್ ಆದರೆ ಚಿಂತೆ ಇಲ್ಲ. ಫ್ಲ್ಯಾಟ್ ಟ್ಯಾಪೆಟ್ ಆದರೆ ಮೊದಲ ಸಲ ಸ್ಟಾರ್ಟ್ ಆದ ಕೂಡಲೇ 2000 ಆರ್‌ಪಿಎಂ ಮೇಲೆ 20-30 ನಿಮಿಷ ಓಡಿಸಿರಬೇಕು, ಐಡಲ್‌ಗೆ ಬಿಡಬಾರದು. ಕ್ಯಾಮಿಗೆ ಎಣ್ಣೆ ಸಿಗುವುದು ಹೆಚ್ಚಾಗಿ ಕ್ರ್ಯಾಂಕ್ ಎರಚುವುದರಿಂದ. ಮೆಲ್ಲಗೆ ತಿರುಗಿದರೆ ಅದು ಸಾಲುವುದಿಲ್ಲ. ಆಯಿಲ್‌ನಲ್ಲಿ ಜಿಂಕ್ ಕೂಡ ಜಾಸ್ತಿ ಇರಬೇಕು. ಈಗಿನ ಕಾರುಗಳ ಆಯಿಲ್‌ನಲ್ಲಿ ಕ್ಯಾಟಲಿಟಿಕ್ ಕನ್ವರ್ಟರ್ ಉಳಿಯಲಿ ಅಂತ ಅದನ್ನು ಕಡಿಮೆ ಮಾಡಿದ್ದಾರೆ. ಇಷ್ಟೆಲ್ಲ ಸರಿಯಾಗಿ ಆಗಿದೆಯಾ ಅಂತ ಮಾತಿನಲ್ಲಿ ನಂಬುವುದಕ್ಕಿಂತ ಆಯಿಲ್ ಬದಲಿಸಿ ಫಿಲ್ಟರ್ ಕತ್ತರಿಸಿ ನೋಡುವುದು ಒಳ್ಳೆಯದು. ಒಳಗಿನ ಕಾಗದವನ್ನು ಹಿಂಡಿ, ಬಿಳಿ ಬಟ್ಟೆ ಮೇಲೆ ಹರಡಿ, ಬಿಸಿಲಿಗೆ ಹಿಡಿಯಿರಿ. ಮಡಿಕೆಯಲ್ಲಿ ಅಲ್ಲೊಂದು ಇಲ್ಲೊಂದು ಚೂರು ಹೊಸ ಇಂಜಿನ್‌ಗೆ ಸಹಜ. ಸುತ್ತ ಮಿನುಗು ಪುಡಿ ಉದುರಿಸಿದ ಹಾಗಿದ್ದು, ಮ್ಯಾಗ್ನೆಟ್‌ಗೆ ಅಂಟುತ್ತಿದ್ದರೆ ಕ್ಯಾಮ್ ಸವೆಯುತ್ತಿದೆ ಅಂತಲೇ ಲೆಕ್ಕ. ಆಗ ಟ್ಯೂನಿಂಗ್ ಅಲ್ಲಿಗೇ ನಿಲ್ಲಿಸಿ, ಬಿಲ್ ಹಿಡಿದುಕೊಂಡು ಗ್ಯಾರೇಜಿಗೆ ಹೋಗಿ.

ಈಗ ಕಾರ್ಬೊರೇಟರ್. ಥ್ರಾಟಲ್ ಪ್ಲೇಟ್ ಹತ್ತಿರ ಗೋಡೆಯಲ್ಲಿ ಉದ್ದನೆಯ ಒಂದು ಸೀಳು ಇದೆ, ಟ್ರಾನ್ಸ್‌ಫರ್ ಸ್ಲಾಟ್ ಅನ್ನುತ್ತಾರೆ. ಐಡ್ಲಿಂಗ್‌ನಲ್ಲಿ ಅದು ಚೂರೇ ಚೂರು, ಅರ್ಧ ಮಿಲಿಮೀಟರ್‌ನಷ್ಟು, ಪ್ಲೇಟಿನ ಕೆಳಗೆ ಇಣುಕಬೇಕು. ಐಡಲ್ ಸ್ಕ್ರೂ ಜಾಸ್ತಿ ಒಳಗೆ ಹೋದರೆ ಪ್ಲೇಟ್ ತೆರೆದು ಇಡೀ ಸೀಳು ಬಯಲಾಗುತ್ತದೆ, ಅಲ್ಲಿಂದಲೇ ಪೆಟ್ರೋಲ್ ಸುರಿಯುತ್ತದೆ. ಆಮೇಲೆ ಐಡ್ಲಿಂಗ್‌ನ ಪೆಟ್ರೋಲ್ ಹದ ಮಾಡುವ ಮಿಕ್ಸ್‌ಚರ್ ಸ್ಕ್ರೂ ಎಷ್ಟು ತಿರುಗಿಸಿದರೂ ಇಂಜಿನ್ ಕ್ಯಾರೇ ಅನ್ನುವುದಿಲ್ಲ. ಕಾಲಿಟ್ಟ ಕೂಡಲೇ ಆ ಸೀಳು ಕೊಡಬೇಕಿದ್ದ ಹೆಚ್ಚುವರಿ ಪೆಟ್ರೋಲ್ ಆಗಲೇ ಖರ್ಚಾಗಿರುತ್ತದೆ. ನಿಮ್ಮ ಗಾಡಿ ಮುಗ್ಗರಿಸುವುದು ಇದರಿಂದಲೇ ಇರಬಹುದು. ಒಂದು ಮಿಕ್ಸ್‌ಚರ್ ಸ್ಕ್ರೂ ಮೆಲ್ಲಗೆ ಪೂರ್ತಿ ಒಳಗೆ ತಿರುಗಿಸಿ ನೋಡಿ. ಇಂಜಿನ್ ತಡಬಡಿಸಬೇಕು. ಏನೂ ಆಗದಿದ್ದರೆ ಇದೇ ಕಾಯಿಲೆ.

ಟೈಮಿಂಗ್ ಸರಿಯಾದರೆ ಐಡ್ಲಿಂಗ್ ತಾನಾಗಿಯೇ ಏರುತ್ತದೆ, ಸ್ಕ್ರೂ ಹಿಂದಕ್ಕೆ ತರಬಹುದು. ಆಮೇಲೆ ಮಿಕ್ಸ್‌ಚರ್ ಸ್ಕ್ರೂಗಳನ್ನು ಒಂದೂವರೆ ಸುತ್ತು ಹೊರಗೆ ಇಟ್ಟು, ವ್ಯಾಕ್ಯೂಮ್ ಗೇಜ್ ನೋಡುತ್ತಾ ಕಾಲು ಸುತ್ತಿನಂತೆ ತಿರುಗಿಸಿ, ಮುಳ್ಳು ಎಲ್ಲಿ ಹೆಚ್ಚು ನಿಲ್ಲುತ್ತದೋ ಅಲ್ಲಿ ಬಿಡಿ. ನನ್ನದು ಮೊದಲು 11 ಇಂಚಿನಲ್ಲಿ ನಡುಗುತ್ತಿತ್ತು, ಟೈಮಿಂಗ್ ಸರಿಮಾಡಿದ ದಿನ 16ಕ್ಕೆ ಹೋಗಿ ಅಲ್ಲಾಡದೆ ನಿಂತಿತು. ಶಿವಮೊಗ್ಗದಲ್ಲಿ ನಮ್ಮ ಮಾವ ಅಂಬಾಸಿಡರ್ ರಿಪೇರಿ ಮಾಡುವಾಗ ಇದೇ ಕೆಲಸವನ್ನು ಗೇಜ್ ಇಲ್ಲದೆ, ಬರೀ ಕಿವಿಯಲ್ಲಿ ಮಾಡುತ್ತಿದ್ದರು. ನನಗೆ ಆ ಕಿವಿ ಇಲ್ಲ, ಗೇಜ್ ಬೇಕು.

ಆಕ್ಸಿಲರೇಟರ್ ಪಂಪನ್ನೂ ಒಮ್ಮೆ ನೋಡಿ. ಇಂಜಿನ್ ಆಫ್ ಮಾಡಿ, ಏರ್ ಕ್ಲೀನರ್ ತೆಗೆದು, ಥ್ರಾಟಲ್ ಕೂದಲೆಳೆಯಷ್ಟು ಅಲ್ಲಾಡಿಸಿದರೂ ಪೆಟ್ರೋಲ್ ಚಿಮ್ಮಬೇಕು. ತಡವಾಗಿ ಚಿಮ್ಮಿದರೆ ಲಿವರ್‌ನಲ್ಲಿ ಸಡಿಲ ಇದೆ.

750 ನಿಮಗೆ ದೊಡ್ಡದಾಯಿತು. 350 ಕ್ಯೂಬಿಕ್ ಇಂಚನ್ನು 5500 ಆರ್‌ಪಿಎಂನಿಂದ ಗುಣಿಸಿ 3456ರಿಂದ ಭಾಗಿಸಿ, 557 ಸಿಎಫ್‌ಎಂ ಬರುತ್ತದೆ. ಅದೂ ಸಿಲಿಂಡರ್ ನೂರಕ್ಕೆ ನೂರು ತುಂಬಿದರೆ. ಆಟೊಮ್ಯಾಟಿಕ್ ಗೇರ್ ಇರುವ, ಪೇಟೆಯಲ್ಲಿ ಓಡಿಸುವ ಗಾಡಿಗೆ ವ್ಯಾಕ್ಯೂಮ್ ಸೆಕೆಂಡರಿಯ (ಹಿಂದಿನ ಎರಡು ಬಾಯಿ ಎಳೆತದಿಂದ ತಾನೇ ತೆರೆಯುವ) 600 ಸಾಕು. ಆದರೆ ಈಗಲೇ ಮಾರಬೇಡಿ. ಟೈಮಿಂಗ್ ಮುಗಿಸಿ, ಇರುವುದನ್ನೇ ಸರಿಯಾಗಿ ಕೂರಿಸಿ, ಒಂದು ವಾರ ಓಡಿಸಿ ನೋಡಿ. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ, ಪುಸ್ತಕದಲ್ಲಿ ಬರೆದಿಡಿ. ನಾನು ಬರೆಯದೆ, ಯಾವ ಜೆಟ್ ಯಾವಾಗ ಹಾಕಿದ್ದೆ ಅಂತಲೇ ಮರೆತಿದ್ದೆ.

ಡೈನೊಗೆ ಕೊನೆಯಲ್ಲಿ ಹೋಗಿ. ಗಂಟೆ ಲೆಕ್ಕದಲ್ಲಿ ದುಡ್ಡು ಕೊಟ್ಟು ಟೈಮಿಂಗ್ ಗೆರೆ ಹುಡುಕುವುದು ಯಾಕೆ, ಅಲ್ವಾ? ಅಲ್ಲಿ ನೋಡಬೇಕಾದದ್ದು ಫುಲ್ ಥ್ರಾಟಲ್‌ನಲ್ಲಿ ಗಾಳಿ-ಪೆಟ್ರೋಲ್ ಅನುಪಾತ. 12.5ರಿಂದ 13ರ ಒಳಗಿದ್ದರೆ ಸರಿ. ಹಾರ್ಸ್‌ಪವರ್ ಅಂಕಿ ನೋಡಿ ಬೇಜಾರಾಗಬೇಡಿ. ನಿಮ್ಮ ಮೂಲ 307ಗೆ ಕಾಗದದಲ್ಲಿ 200 ಅಂತ ಇತ್ತು, ಅದು ಗ್ರಾಸ್ ಲೆಕ್ಕ: ಇಂಜಿನ್ ಒಂದನ್ನೇ ಸ್ಟ್ಯಾಂಡ್ ಮೇಲಿಟ್ಟು ಅಳೆದದ್ದು. 1972ರ ಹೊತ್ತಿಗೆ ಅಮೆರಿಕದ ಕಂಪನಿಗಳು ನೆಟ್ ಲೆಕ್ಕಕ್ಕೆ ಬಂದವು, ಕಾಗದದ ಅಂಕಿಗಳು ಒಮ್ಮೆಲೇ ಇಳಿದವು. ಡೈನೊ ಅಳೆಯುವುದು ಚಕ್ರದ ಹತ್ತಿರ, ಗೇರ್‌ಬಾಕ್ಸ್ ಮತ್ತು ಆಕ್ಸಲ್ ತಿಂದು ಉಳಿದದ್ದನ್ನು.

ನನ್ನ ಮಟ್ಟಿಗೆ ನಿಜವಾದ ಪರೀಕ್ಷೆ ಡೆಟ್ರಾಯಿಟ್ ಕಡೆಯ ಹಳೇ ಕಾರುಗಳ ಮೆರವಣಿಗೆ, ವುಡ್‌ವರ್ಡ್ ಡ್ರೀಮ್ ಕ್ರೂಸ್. 1995ರಿಂದ ನಡೆಯುತ್ತಿದೆ, ಆಗಸ್ಟ್‌ನ ಮೂರನೇ ಶನಿವಾರ. ಇಡೀ ವುಡ್‌ವರ್ಡ್ ಅವೆನ್ಯೂ ತುಂಬ ಹಳೇ ಕಾರುಗಳು ಬಿಸಿಲಿನಲ್ಲಿ ತೆವಳುತ್ತಿರುತ್ತವೆ, ಅಕ್ಕಪಕ್ಕದಲ್ಲಿ ಬಾನೆಟ್ ಎತ್ತಿಕೊಂಡು ನಿಂತವರೂ ಇರುತ್ತಾರೆ. ಗೆರೆ ಸರಿಮಾಡಿದ ವರ್ಷ ಮೂರು ಗಂಟೆ ತೆವಳಿದೆ, ಮುಳ್ಳು 190 ಫ್ಯಾರನ್‌ಹೀಟ್ ದಾಟಲಿಲ್ಲ. ಒಹಾಯೊದಿಂದ ದೂರವೇನಲ್ಲ, ಗಾಡಿ ತೆಗೆದುಕೊಂಡು ಬನ್ನಿ. ಹೊರಡುವ ಮೊದಲು ಹೆಡರ್ (ಇಂಜಿನ್ನಿಗೆ ಕೂರುವ ಎಕ್ಸಾಸ್ಟ್ ಪೈಪ್) ಬೋಲ್ಟ್ ಇನ್ನೊಮ್ಮೆ ಬಿಗಿ ಮಾಡಿ. ಹೊಸದಾಗಿ ಕೂರಿಸಿದ್ದು ಬಿಸಿಯಾಗಿ ತಣ್ಣಗಾಗಿ ಸಡಿಲ ಆಗಿಯೇ ಆಗಿರುತ್ತದೆ.