ಹಬ್ಬ ಬಂತು, ಮಾತ್ರೆ ನುಂಗಲಾ?

ನಮಸ್ಕಾರ. ಹೆಸರು, ಊರು ಹಾಕಬೇಡಿ ಎಂದಿದ್ದೀರಿ, ಹಾಕಿಲ್ಲ. ಉಳಿದ ಓದುಗರಿಗೆ ಗೊತ್ತಾಗಲಿ ಅಂತ ನಿಮ್ಮ ಪತ್ರದ ಸಾರಾಂಶ ಮಾತ್ರ ಹೇಳುತ್ತೇನೆ. ವರಮಹಾಲಕ್ಷ್ಮಿ ಹಬ್ಬ, ಗೃಹಪ್ರವೇಶ, ತಿರುಪತಿ ಯಾತ್ರೆ ಎಂದು ನಿಮ್ಮ ಮನೆ ಹೆಂಗಸರೆಲ್ಲ ಮುಟ್ಟು ಮುಂದೂಡುವ ಮಾತ್ರೆ ನುಂಗುತ್ತಾರೆ. ಮೆಡಿಕಲ್ ಶಾಪಿನವರು ಕೇಳಿದ ತಕ್ಷಣ ಕೊಡುತ್ತಾರೆ. ಗರ್ಭಕೋಶ ಕೆಟ್ಟುಹೋಗುತ್ತೆ ಎಂದು ನಿಮ್ಮ ಅಮ್ಮ ಹೆದರಿಸುತ್ತಾರೆ. 46 ವರ್ಷದ ಅತ್ತಿಗೆಗೆ ಜಾಸ್ತಿ ರಕ್ತ ಹೋಗುತ್ತಿದ್ದಾಗ ಡಾಕ್ಟರು ಕೊಟ್ಟದ್ದೂ ಇದೇ ಮಾತ್ರೆ, ಅವರು ಈಗ ತಾವೇ ತಂದು ನುಂಗುತ್ತಿದ್ದಾರೆ. ಇದೆಲ್ಲ ಸರಿಯಾ ಅಂತ ನಿಮ್ಮ ಪ್ರಶ್ನೆ.

ಮೊದಲು ಅಮ್ಮನಿಗೆ ಸಮಾಧಾನ ಹೇಳಿ. ಆರೋಗ್ಯವಾಗಿರುವ ಹೆಂಗಸು ಯಾವಾಗಲೋ ಒಮ್ಮೆ ಕೆಲವು ದಿನ ತೆಗೆದುಕೊಂಡರೆ ಗರ್ಭಕೋಶ ಕೆಡುವುದಿಲ್ಲ, ಮುಂದೆ ಮಕ್ಕಳಾಗುವುದಕ್ಕೂ ತೊಂದರೆಯಿಲ್ಲ. ಭಯ ಇರಬೇಕಾದ್ದು ಬೇರೆ ಕಡೆ.

ಸಾಮಾನ್ಯವಾಗಿ ಆ ಮಾತ್ರೆಯಲ್ಲಿ ಇರುವುದು ನೊರೆಥಿಸ್ಟೆರಾನ್. ಪ್ರೊಜೆಸ್ಟಿನ್ ಗುಂಪಿನದು. ಅಂದರೆ ಅಂಡಾಶಯದಲ್ಲಿ ತಯಾರಾಗುವ ಪ್ರೊಜೆಸ್ಟೆರಾನ್ ಮಾಡುವ ಕೆಲಸವನ್ನೇ ಮಾಡುವ ಕೃತಕ ಹಾರ್ಮೋನು. 1951ರಲ್ಲಿ ಮೆಕ್ಸಿಕೋದ ಲ್ಯಾಬಿನಲ್ಲಿ ಮೊದಲು ತಯಾರಾಯಿತು, ಮೂಲ ಸಾಮಗ್ರಿ ಬಂದದ್ದು ಅಲ್ಲಿನ ಒಂದು ಕಾಡುಗೆಣಸಿನಿಂದ. ನಮ್ಮ ವರಮಹಾಲಕ್ಷ್ಮಿ ಹಬ್ಬ ಅವರ ಲೆಕ್ಕದಲ್ಲಿ ಇರಲಿಲ್ಲ ಅನ್ನಿ! ಗರ್ಭಕೋಶದ ಒಳಪದರ ಕಳಚದೆ ನಿಲ್ಲುವುದು ಪ್ರೊಜೆಸ್ಟೆರಾನ್ ಇರುವವರೆಗೆ. ಅದು ಇಳಿದಾಗ ಪದರ ಕಳಚಿ ಮುಟ್ಟಾಗುತ್ತದೆ. ಅದು ಇಳಿದರೂ ಮಾತ್ರೆ ಅದರ ಜಾಗದಲ್ಲಿ ನಿಂತು ಪದರ ಕಳಚಲು ಬಿಡುವುದಿಲ್ಲ, ಅಷ್ಟೇ. ಡೇಟಿಗೆ 3 ದಿನ ಮೊದಲು ಶುರು ಮಾಡಿ, 5 ಮಿಲಿಗ್ರಾಂ ಮಾತ್ರೆ ದಿನಕ್ಕೆ 3 ಸಲ, ಇದು ಡಾಕ್ಟರು ಸಾಮಾನ್ಯವಾಗಿ ಹೇಳುವ ಲೆಕ್ಕ. ನಿಲ್ಲಿಸಿದ 2-3 ದಿನಕ್ಕೆ ಮುಟ್ಟು ಬರುತ್ತದೆ. ನಾಳೆ ಹಬ್ಬ ಅಂತ ಇವತ್ತು ರಾತ್ರಿ ನುಂಗಿದರೆ ಕೆಲಸ ಮಾಡುತ್ತದೆ ಎಂಬ ಗ್ಯಾರಂಟಿ ಇಲ್ಲ. ಒಬ್ಬಟ್ಟಿನ ಗಲಾಟೆಯಲ್ಲಿ ಮಧ್ಯಾಹ್ನದ ಮಾತ್ರೆ ಮರೆತರೂ ಸ್ಪಾಟಿಂಗ್, ಅಂದರೆ ಸ್ವಲ್ಪ ಸ್ವಲ್ಪ ರಕ್ತದ ಕಲೆ, ಆಗಬಹುದು. ಹೊಟ್ಟೆ ಉಬ್ಬರ, ಎದೆ ನೋವು (ಸ್ತನದ ನೋವು ಅಂತ ನೇರವಾಗಿಯೇ ಹೇಳೋಣ), ತಲೆನೋವು, ಸುಮ್ನೆ ಸಿಟ್ಟು, ಇವೂ ಕೆಲವರಿಗೆ ಇರುತ್ತವೆ, ಮಾತ್ರೆ ಬಿಟ್ಟ ಮೇಲೆ ಹೋಗುತ್ತವೆ.

ಮದುವೆ ಹುಡುಗಿಯರಿಗೆ ಇನ್ನೊಂದು ಮಾತು. ಹೀಗೆ ಮುಟ್ಟು ಮುಂದೂಡಲು ನುಂಗುವ ಮಾತ್ರೆ ಗರ್ಭ ತಡೆಯುತ್ತದೆ ಎಂದು ನಂಬಬೇಡಿ. ಮಾತ್ರೆ ನಿಲ್ಲಿಸಿ ವಾರವಾದರೂ ಮುಟ್ಟಾಗದಿದ್ದರೆ ಪ್ರೆಗ್ನೆನ್ಸಿ ಟೆಸ್ಟ್ ಮಾಡಿಕೊಳ್ಳಿ.

ಈಗ ಭಯದ ವಿಷಯ. ನೊರೆಥಿಸ್ಟೆರಾನ್‌ನ ಸ್ವಲ್ಪ ಭಾಗ ನಮ್ಮ ದೇಹದೊಳಗೇ ಈಸ್ಟ್ರೋಜನ್ ಆಗಿ ಬದಲಾಗುತ್ತದೆ. ಸಂತಾನ ನಿಯಂತ್ರಣದ ಮಾಮೂಲಿ ಮಾತ್ರೆಗಳಲ್ಲಿ ಇರುತ್ತದಲ್ಲ, ಎಥಿನೈಲ್ ಈಸ್ಟ್ರಡಯಾಲ್, ಅದೇ. ದಿನಕ್ಕೆ 15 ಮಿಲಿಗ್ರಾಂ ಎಂದರೆ ಈ ಭಾಗ ಲೆಕ್ಕಕ್ಕೆ ಬರುವಷ್ಟು ಆಗುತ್ತದೆ, ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯ ಅಷ್ಟರಮಟ್ಟಿಗೆ ಏರುತ್ತದೆ. ಹೆಚ್ಚಿನವರಿಗೆ ಏನೂ ಆಗುವುದಿಲ್ಲ. ಆದರೆ ಹಿಂದೆ ಕಾಲಲ್ಲೋ ಶ್ವಾಸಕೋಶದಲ್ಲೋ ರಕ್ತ ಹೆಪ್ಪುಗಟ್ಟಿದ್ದವರು, ಪಾರ್ಶ್ವವಾಯು ಅಥವಾ ಹೃದಯಾಘಾತ ಆಗಿದ್ದವರು, ಸ್ತನ ಕ್ಯಾನ್ಸರ್ ಬಂದಿದ್ದವರು, ಲಿವರ್ ಕಾಯಿಲೆಯವರು, ಕಣ್ಣ ಮುಂದೆ ಮಿಂಚು ಬಂದು ಮೈಗ್ರೇನ್ ಶುರುವಾಗುವವರು, ಇವರೆಲ್ಲ ಡಾಕ್ಟರಿಗೆ ಇದನ್ನು ಹೇಳದೆ ಈ ಮಾತ್ರೆ ಮುಟ್ಟಲೇಬಾರದು. ಮನೆಯಲ್ಲಿ ಯಾರಿಗಾದರೂ ಚಿಕ್ಕ ವಯಸ್ಸಿಗೇ ರಕ್ತ ಹೆಪ್ಪುಗಟ್ಟಿದ್ದರೆ ಅದನ್ನೂ ಹೇಳಬೇಕು. ಟಿಬಿಯ ರಿಫಾಂಪಿಸಿನ್, ಫಿಟ್ಸ್‌ಗೆ ಕೊಡುವ ಫಿನೈಟೊಯಿನ್ ಇದ್ದರೆ ಮಾತ್ರೆಯ ಬಲವೇ ಕುಂದುತ್ತದೆ. ಕೌಂಟರಿನಲ್ಲಿ ಇದನ್ನೆಲ್ಲ ಯಾರು ಕೇಳುತ್ತಾರೆ? ಜನ ನಿಂತಿರುತ್ತಾರೆ, ನಾವೂ ಪಿಸುಮಾತಿನಲ್ಲಿ ಕೇಳುತ್ತೇವೆ, ಅವರು ಪೇಪರಿನಲ್ಲಿ ಸುತ್ತಿ ಕೊಡುತ್ತಾರೆ, ಮುಗೀತು.

ತಿರುಪತಿಗೆ ರಾತ್ರಿಯಿಡೀ ಬಸ್ಸಿನಲ್ಲಿ ಕೂತು ಹೋಗುತ್ತೀರಿ ಎಂದಿಟ್ಟುಕೊಳ್ಳಿ. ಒಂದೇ ಕಾಲಿನ ಮೀನಖಂಡ ಊದಿ ನೋಯುತ್ತಿದೆ. ಕೂತು ಕೂತು ಹೀಗಾಗಿದೆ ಎಂದು ಎಣ್ಣೆ ತಿಕ್ಕಿ ಸುಮ್ಮನಾಗಬೇಡಿ. ಕಾಲು ಊತ, ಇದ್ದಕ್ಕಿದ್ದಂತೆ ಉಸಿರು ಕಟ್ಟುವುದು, ಎದೆನೋವು, ಕಣ್ಣು ಮಂಜಾಗುವುದು, ಇದರಲ್ಲಿ ಯಾವುದಾದರೂ ಕಂಡರೆ ಮಾತ್ರೆ ನಿಲ್ಲಿಸಿ ಆಗಲೇ ಆಸ್ಪತ್ರೆಗೆ ಹೋಗಿ. ದರ್ಶನ ಆಮೇಲೆ.

ಇನ್ನು, ಮುಂದೂಡಬೇಕೇ ಬೇಡವೇ ಎಂಬುದು ನುಂಗುವವಳ ತೀರ್ಮಾನ ಆಗಲಿ. ಸೊಸೆಯ ಕೈಗೆ ಅತ್ತೆ ಸ್ಟ್ರಿಪ್ ಕೊಟ್ಟು "ನುಂಗಮ್ಮ" ಅನ್ನುವುದು ನನಗಂತೂ ಸರಿ ಕಾಣುವುದಿಲ್ಲ. ವರ್ಷಕ್ಕೆ ನಾಲ್ಕೈದು ಹಬ್ಬಕ್ಕೂ ಇದೇ ದಾರಿ ಅಂದರೆ ಇನ್ನೂ ಇಲ್ಲ.

ಕೊನೆಗೆ ನಿಮ್ಮ ಅತ್ತಿಗೆ ವಿಷಯ. ಇದು ನನಗೆ ಹಬ್ಬಕ್ಕಿಂತ ಮುಖ್ಯ. ಜಾಸ್ತಿ ರಕ್ತ ಹೋಗುವುದನ್ನು ನಿಲ್ಲಿಸಲು, ಎಂಡೊಮೆಟ್ರಿಯೋಸಿಸ್‌ಗೆ (ಗರ್ಭಕೋಶದ ಒಳಪದರದಂಥದ್ದೇ ಅದರ ಹೊರಗೂ ಬೆಳೆಯುವ ಕಾಯಿಲೆ), ಒಳಪದರ ದಪ್ಪವಾದಾಗ ಡಾಕ್ಟರು ಪ್ರೊಜೆಸ್ಟಿನ್ ಕೊಡುವುದು ಸರಿಯಾದ ಚಿಕಿತ್ಸೆಯೇ. ಗರ್ಭಕೋಶದೊಳಗೆ ಕೂರಿಸುವ ಹಾರ್ಮೋನ್ ಕಾಯಿಲ್‌ನಲ್ಲೂ ಇದೇ ಗುಂಪಿನ ಲೆವೊನಾರ್ಜೆಸ್ಟ್ರೆಲ್ ಇರುತ್ತದೆ, ಎಷ್ಟೋ ಜನರಿಗೆ ಅದರಿಂದ ಆಪರೇಷನ್ನೇ ತಪ್ಪಿದೆ. ಆದರೆ ರಕ್ತ ಯಾಕೆ ಹೋಗುತ್ತಿದೆ ಎಂದು ನೋಡದೆ ಹಳೇ ಚೀಟಿ ಹಿಡಿದು ಮತ್ತೆ ಮತ್ತೆ ಮಾತ್ರೆ ತಂದರೆ ರಕ್ತ ನಿಂತಂತೆ ಕಾಣುತ್ತದೆ, ಕಾರಣ ಒಳಗೇ ಉಳಿಯುತ್ತದೆ. ಅದು ಫೈಬ್ರಾಯ್ಡ್ (ಗರ್ಭಕೋಶದಲ್ಲಿ ಬೆಳೆಯುವ, ಕ್ಯಾನ್ಸರ್ ಅಲ್ಲದ ಗಡ್ಡೆ) ಇರಬಹುದು, ಅಪರೂಪಕ್ಕೆ ಕ್ಯಾನ್ಸರ್ ಕೂಡ. 46 ಅಂದರೆ ಸ್ಕ್ಯಾನ್ ಬೇಕು, ಡಾಕ್ಟರು ಹೇಳಿದರೆ ಒಳಪದರದ ಬಯಾಪ್ಸಿಯೂ (ಚೂರು ತೆಗೆದು ಪರೀಕ್ಷಿಸುವುದು). ಹಿಮೋಗ್ಲೋಬಿನ್ ಎಷ್ಟಿದೆ ಅಂತಲೂ ನೋಡಿಸಿ. ಈ ವಾರವೇ ಕರೆದುಕೊಂಡು ಹೋಗಿ, ಮನೆಯಲ್ಲಿರುವ ಖಾಲಿ ಸ್ಟ್ರಿಪ್‌ಗಳನ್ನೂ ಹಿಡಿದುಕೊಳ್ಳಿ. ಯಾವ ಮಾತ್ರೆ, ಎಷ್ಟು ದಿನ ಎಂದು ಡಾಕ್ಟರು ಕೇಳೇ ಕೇಳುತ್ತಾರೆ.

- ಸಂಪಾದಕ