ಓದುಗರ ಪ್ರಶ್ನೆ: ಮಳೆ ಹೊಯ್ದರೆ ಅಮ್ಮ ಮಲಗುವುದಿಲ್ಲ

ಪ್ರಶ್ನೆ: 2018ರ ಆಗಸ್ಟ್‌ನಲ್ಲಿ ಗುಡ್ಡ ಜರಿದು ಮನೆ, ತೋಟ ಎರಡೂ ಹೋದವು. ಈಗ ಮಡಿಕೇರಿಯಲ್ಲಿ ಬಾಡಿಗೆಗಿದ್ದೇವೆ. ಕಕ್ಕಡ (ಜುಲೈ-ಆಗಸ್ಟ್‌ನ ಜೋರು ಮಳೆಯ ತಿಂಗಳು) ಬಂತೆಂದರೆ ಅಮ್ಮ ರಾತ್ರಿಯಿಡೀ ಕೂತೇ ಇರುತ್ತಾರೆ, ಪಹಣಿ-ಆಧಾರ್ ಚೀಲ ಮಗ್ಗುಲಲ್ಲೇ. ಕೇಳಿದರೆ 'ಎದೆಯುರಿ, ಗ್ಯಾಸ್' ಅನ್ನುತ್ತಾರೆ. ಆಪ್ತಸಮಾಲೋಚಕರು ಮೊದಲ ದಿನವೇ ಅಂದಿನದ್ದನ್ನೆಲ್ಲ ಹೇಳಿಸಿದರು. ಆಮೇಲೆ ಎರಡು ರಾತ್ರಿ ಕಣ್ಣು ಮುಚ್ಚಲಿಲ್ಲ, ಇನ್ನು ಅಲ್ಲಿಗೆ ಹೋಗುವುದಿಲ್ಲವಂತೆ. ಮನೆಮಾತು ಕೊಡವ ತಕ್ಕ್, ಅಂದರೆ ಕೊಡವರ ಭಾಷೆ.

ಉತ್ತರ: ನಿಮ್ಮ ತಾಯಿ ಹಟ ಮಾಡುತ್ತಿಲ್ಲ. ಅಲ್ಲಿ ಕ್ರಮ ತಪ್ಪಿದೆ. ಆಘಾತದ ಚಿಕಿತ್ಸೆಯಲ್ಲಿ ಮೊದಲು ಸುರಕ್ಷತೆ, ಆಮೇಲೆ ನೆನಪು, ಕೊನೆಗೆ ಮತ್ತೆ ಬದುಕಿಗೆ ಕೂಡಿಕೊಳ್ಳುವುದು. ಮೊದಲ ಕೆಲವು ಭೇಟಿ ನಿದ್ದೆ, ಮೈ, ಮಳೆ ಇಷ್ಟಕ್ಕೇ ಮೀಸಲಾಗಬೇಕು.

'ಎದೆಯುರಿ'ಯನ್ನು ಹಾಗೇ ಬಿಡಬೇಡಿ. ಒಮ್ಮೆ ಇಸಿಜಿ, ಥೈರಾಯ್ಡ್ ಪರೀಕ್ಷೆ ಆಗಲಿ. ಅವು ಸರಿಯಿದ್ದರೂ 'ನಿಮಗೆ ಏನೂ ಇಲ್ಲ' ಅನ್ನಬಾರದು. ನಮ್ಮ ಕಡೆ ಸಂಕಟ ಮೈಯ ಮಾತಿನಲ್ಲೇ ಹೊರಬರುತ್ತದೆ, ಚಿಕಿತ್ಸಕರೂ ಆ ಮಾತಿನಿಂದಲೇ ಶುರುಮಾಡಬೇಕು.

ಉಸಿರಿನ ಅಭ್ಯಾಸ: ನಾಲ್ಕು ಎಣಿಸುವಷ್ಟು ಒಳಗೆ, ಆರು ಎಣಿಸುವಷ್ಟು ಹೊರಗೆ, ದಿನಕ್ಕೆರಡು ಸಲ ಐದೈದು ನಿಮಿಷ. ಬಿಸಿಲಿದ್ದಾಗಲೇ ರೂಢಿಯಾಗಬೇಕು. ಹೆದರಿಕೆ ಏರಿದ ಮೇಲೆ ಮೊದಲ ಸಲ ಮಾಡಿ 'ಇದು ನಾಟುವುದಿಲ್ಲ' ಅನ್ನುವವರೇ ಹೆಚ್ಚು. ಕಣ್ಣು ಮುಚ್ಚಿಸಬೇಡಿ, ಮುಚ್ಚಿದೊಡನೆ ಜರಿಯುವ ಮಣ್ಣೇ ಕಾಣುವವರಿದ್ದಾರೆ. ಕಾಲು ನೆಲಕ್ಕೂರಿ, ಸುತ್ತ ಕಾಣುವ ಐದು ವಸ್ತುಗಳ ಹೆಸರು ಹೇಳಿಸಿ.

ಚೀಲ ಇರಲಿ. ಗುಡ್ಡದ ಊರಿನಲ್ಲಿ ಅದು ಜಾಣತನವೇ. ಬಿಡಿಸಬೇಕಾದದ್ದು ರಾತ್ರಿಯ ಕಾವಲು ಮತ್ತು ಮೊಬೈಲಿನ ಕುಸಿತದ ವಿಡಿಯೊ. ಸಂಜೆ ಎಂಟಕ್ಕೆ ನೀವು ಒಮ್ಮೆ ಮಳೆಯ ಮುನ್ಸೂಚನೆ ನೋಡಿ ಹೇಳಿ, ರೆಡ್ ಅಲರ್ಟ್ ಇದ್ದರೆ ಯಾರ ಮನೆಗೆ ಹೋಗುವುದೆಂದು ಮೊದಲೇ ಗೊತ್ತುಮಾಡಿಡಿ.

ಸಾಧ್ಯವಾದರೆ ತಕ್ಕ್ ಬಲ್ಲ ಚಿಕಿತ್ಸಕರನ್ನೇ ಹುಡುಕಿ. ದುಭಾಷಿ ಬೇಕಾದರೆ ನೀವು ಕೂರಬೇಡಿ, ಮಗಳೆದುರು ತಾಯಿ ಅರ್ಧ ನುಂಗಿಕೊಳ್ಳುತ್ತಾರೆ. ದುಭಾಷಿ ನಿಮ್ಮ ಒಕ್ಕದವರಾಗಿರಬಾರದು (ಒಕ್ಕ ಎಂದರೆ ಒಂದೇ ಮನೆತನ), ನೆರೆಯವರೂ ಬೇಡ. ದುಭಾಷಿ ಒಂದೊಂದೇ ವಾಕ್ಯ, ತಾಯಿ ಹೇಳಿದ ಹಾಗೇ 'ನಾನು' ಎಂದೇ ಹೇಳಬೇಕು. 'ಅವರು ಹೀಗಂದರು' ಎಂದು ಸಾರಾಂಶ ಕೊಟ್ಟರೆ ಮಾತಿನ ಜೀವವೇ ಹೋಗುತ್ತದೆ. ಸಮಯ ಹೆಚ್ಚು ಕಡಿಮೆ ಎರಡರಷ್ಟು ಹಿಡಿಯುತ್ತದೆ. ಮನೆಹೆಸರು ಹೇಳಿದರೆ ಸಾಕು, ಇಡೀ ನಾಡಿಗೆ ಗುರುತು ಸಿಗುವ ಜಿಲ್ಲೆ ನಮ್ಮದು. ಹೇಳಿದ್ದು ಗುಟ್ಟಾಗಿ ಉಳಿಯುವುದು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯಂತೆ ನಿಮ್ಮ ತಾಯಿಯ ಹಕ್ಕು. ಆದರೂ ಗುಟ್ಟು ಉಳಿಯುತ್ತದೆಯೇ ಎಂದು ಮೊದಲ ಭೇಟಿಯಲ್ಲೇ ಬಾಯಿಬಿಟ್ಟು ಕೇಳಿ.

ಗುರುಕಾರಣರಿಗೆ (ಕುಲದ ಹಿರಿಯರಿಗೆ) ಮೀದಿ, ಅಂದರೆ ಎಡೆ, ಇಡುತ್ತಿದ್ದ ಜಾಗವೂ ಮಣ್ಣಿನಡಿ ಹೋಗಿದೆಯೇ? ಬಹಳ ಸಮಾಲೋಚಕರು ಇದನ್ನು ಕೇಳುವುದೇ ಇಲ್ಲ. ಮನೆ ಹೋದ ದುಃಖಕ್ಕಿಂತ ಅದೇ ಹೆಚ್ಚಿರಬಹುದು. ಹೊಸ ಮನೆಯಲ್ಲಿ ಅದನ್ನು ಮತ್ತೆ ನಡೆಸುವುದು ಚಿಕಿತ್ಸೆಗೆ ಅಡ್ಡಿಯಲ್ಲ.

ಪ್ರಶ್ನೆ: ಕೊಡಗಿನ ಸಿದ್ದಾಪುರ ಕಡೆಯ ತೋಟದಲ್ಲಿ ರೈಟರ್ (ಕೂಲಿ ಲೆಕ್ಕ ಬರೆಯುವವ) ನಾನು. ಮೂರು ವಾರದ ಹಿಂದೆ ಆನೆ ತುಳಿದು ಒಬ್ಬರು ಹೋದರು. ಕಣ್ಣಾರೆ ಕಂಡ ಎರವ ಬುಡಕಟ್ಟಿನ ಕೆಲಸಗಾರ ಲೈನ್ ಮನೆಯಿಂದ (ಕೆಲಸಗಾರರ ಸಾಲುಮನೆ) ಹೊರಬರುತ್ತಿಲ್ಲ, ಕುಡಿತ ಹೆಚ್ಚಿದೆ. ಅವರ ಮಾತು ನನಗೆ ಬರುತ್ತದೆ. ಜೊತೆಗೆ ಹೋಗಿ ನಾನೇ ಎಲ್ಲ ಹೇಳಲೇ?

ಉತ್ತರ: ಬೇಡ. ಕೂಲಿ ಬರೆಯುವವರ ಎದುರು ಯಾರೂ ಮನಸ್ಸು ಬಿಚ್ಚುವುದಿಲ್ಲ. ವಾಹನ ಮಾಡಿಕೊಡಿ, ಹೊರಗೆ ಕೂತಿರಿ. ತಿಂಗಳು ದಾಟುವವರೆಗೆ ಇದಕ್ಕೆ ಪಿಟಿಎಸ್‌ಡಿ (ಆಘಾತದ ನಂತರ ಉಳಿದುಬಿಡುವ ಮಾನಸಿಕ ತೊಂದರೆ) ಎಂಬ ಹೆಸರು ಕೊಡುವುದಿಲ್ಲ. ಬಹಳ ಜನ ತಾವಾಗಿಯೇ ಚೇತರಿಸಿಕೊಳ್ಳುತ್ತಾರೆ. ಕೂರಿಸಿ ಕಂಡದ್ದನ್ನು ಹೇಳಿಸಬೇಡಿ. ಒಂದೇ ಸಲಕ್ಕೆ ಎಲ್ಲ ಹೊರಹಾಕಿಸುವ ಪದ್ಧತಿಯನ್ನು ವಿಶ್ವ ಆರೋಗ್ಯ ಸಂಸ್ಥೆಯೂ ಒಪ್ಪುವುದಿಲ್ಲ. ಊಟ, ನಿದ್ದೆ, ಬೇಕಾದವರ ಜೊತೆ ಇಷ್ಟು ನೋಡಿಕೊಳ್ಳಿ. ಕೆಲಸಕ್ಕೆ ಬಂದರೆ ಕಣದಲ್ಲಿ, ನಾಲ್ಕು ಜನರ ನಡುವೆ ಕೊಡಿ. ಕಾಡಂಚಿಗೆ ಒಂಟಿಯಾಗಿ ಕಳಿಸಬೇಡಿ, ಕೂಲಿ ಕಡಿಯಬೇಡಿ.

ಅಂಗಡಿಯಿಂದ ನಿದ್ದೆ ಮಾತ್ರೆ ತಂದುಕೊಟ್ಟೀರಿ, ಜೋಕೆ: ಹೆಂಡದ ಜೊತೆ ಸೇರಿದರೆ ಉಸಿರೇ ಕುಗ್ಗೀತು. ದಿನವೂ ಕುಡಿಯುವವರನ್ನು ಒಮ್ಮೆಗೇ ನಿಲ್ಲಿಸಿದರೆ ಎರಡು ಮೂರು ದಿನದಲ್ಲಿ ನಡುಕ, ಫಿಟ್ಸ್ ಬರಬಹುದು. ಅದಕ್ಕೆ ಆಸ್ಪತ್ರೆಯೇ ಬೇಕು.

ಪ್ರಶ್ನೆ: ರಾತ್ರಿ ಹೊತ್ತು ತೀರಾ ತಾಳಲಾಗದಿದ್ದರೆ?

ಉತ್ತರ: ಟೆಲಿ ಮಾನಸ್ ಎಂಬ ಸರ್ಕಾರಿ ಮಾನಸಿಕ ಆರೋಗ್ಯ ಸಹಾಯವಾಣಿ, 14416. ಉಚಿತ, ದಿನದ 24 ಗಂಟೆಯೂ ಕನ್ನಡದಲ್ಲಿ ಮಾತಾಡಬಹುದು. ಸಾಯುವ ಮಾತು ಬಂದರೆ ಒಬ್ಬರನ್ನೇ ಬಿಡಬೇಡಿ. ತೋಟದ ಔಷಧಿ ಡಬ್ಬಿಗಳಿಗೆ ಬೀಗ ಹಾಕಿ, ಕೋವಿಯನ್ನು ಆ ಮನೆಯಿಂದಲೇ ಆಚೆ ಇಡಿಸಿ, ಆಮೇಲೆ ಫೋನ್ ಮಾಡಿ.